ಮಂಚದ ಕಾಲಲ್ಲ, ತೋಪಿನ ಗೋಲಾ

ಖರಾದು ತಿರುವಿ ಕಟ್ಟಿಗಿ ಕೆತ್ತೋ ನನ್ನಂಥವನ ಅಂಗಡಿಗಿ ದಿನಾ ಒಬ್ಬರಾದ್ರೂ ಸಿಟ್ಟು ಬರಿಸೋರು ಬಂದೇ ಬರ್ತಾರ. ಬರಲಿಲ್ಲ ಅಂದ್ರ ಅವತ್ತು ಅಂಗಡಿ ಬಂದ್ ಇತ್ತು ಅಂತ ತಿಳೀರಿ. ತೆಲಂಗಾಣ ಚಳವಳಿ ಕಾಲದಾಗ ಅಂಗಡಿ ಬಂದ್ ಇದ್ದಾಗಲೂ ಬಿಡಲಿಲ್ಲ. ಆ ಒಂದು ವಾರ ನೆನೆಸಿಕೊಂಡ್ರ ಇವತ್ತಿಗೂ ಮೈ ಉರೀತದ.

ಹವಾಲ್ದಾರರು ಬಂದ್ರು

ಜಹೀರಾಬಾದಿನಾಗ ನನ್ನ ಹೆಸರು ಯಾರಿಗೂ ಬೇಕಾಗಿಲ್ಲ. ಇಪ್ಪತ್ತು ವರ್ಷದಿಂದ ನಾನು ‘ಮಂಚದ ಕಾಲಿನವ’. ಅದಕ್ಕೇ ನಾರಾಯಣಖೇಡದ ಹವಾಲ್ದಾರರು ಸೋಮವಾರ ಬ್ಯಾರೆ ಕೆಲಸ ತಂದಾಗ ಜೀವಕ್ಕ ಹಾಯೆನಿಸ್ತು. ಫೌಜಿನಾಗ ತೋಪು ಹಾರಿಸಿ ರಿಟೈರ್ ಆದವರು.

“ಖರಾದಿ, ಕಟ್ಟಿಗೀದೊಂದು ತೋಪಿನ ಗೋಲಾ ಮಾಡಿಕೊಡ್ರಿ, ಉದ್ದನ್ನ ಚೂಪು ಮೂತಿ ಗುಂಡು. ಬರೋ ಐತವಾರ ನಮ್ಮ ಫೌಜಿನ ಹಳೇ ಸಾಹೇಬರು ಊಟಕ್ಕ ಬರ್ತಾರ. ಶೋಕೇಸಿನಾಗ ಇಡ್ತೀನಿ.”

“ಎಷ್ಟು ಉದ್ದ ಇರಬೇಕ್ರಿ?”

“ನಿಮ್ಮ ಕೈಗಿ ಬಂದಷ್ಟು. ನೋಡಿದವರು ಗೋಲಾ ಅಂದ್ರ ಸಾಕು.”

ನನಗೂ ಅಷ್ಟೇ ಬೇಕಾಗಿತ್ತು. ಜಲ್ಮದಾಗ ಒಂದು ಸಲ ನನ್ನ ಕೆಲಸ ನೋಡಿ ಜನ ಮಂಚದ ಕಾಲು ಅನ್ನದೆ ಬ್ಯಾರೆ ಏನರೆ ಅನ್ನಲಿ. ಹವಾಲ್ದಾರರು ಹೋಗುವಾಗ ಹೊಳ್ಳಿ ನೋಡಿ ಅಂದ್ರು: “ನಿಮ್ಮ ಅಂಗಡಿ ಲಗೂನ ಸಿಕ್ತು ನೋಡ್ರಿ. ಮಂಚದ ಕಾಲಿನವ ಎಲ್ಲಿ ಅಂದೆ, ಸಣ್ಣ ಕೂಸೂ ಕೈ ಮಾಡಿ ತೋರಿಸ್ತು.”

ಉಳಿದ ಮೂರು ಎಲ್ಲಿ

ಸಾಗವಾನಿ ತುಂಡು ಖರಾದಿಗಿ ಏರಿಸಿ, ಉಳಿ ಹಿಡಿದು ಮೂತಿ ಚೂಪು ಮಾಡಿದೆ. ಬುಡಕ್ಕ ಹಿತ್ತಾಳಿ ಬಣ್ಣ ಬಳಿದೆ. ಎರಡು ದಿನ ಬ್ಯಾರೆ ಕೆಲಸ ಮುಟ್ಟಲಿಲ್ಲ. ಬುಧವಾರ ಮಧ್ಯಾಹ್ನ ನನ್ನ ಹೆಂಡತಿ ರೊಟ್ಟಿ ತಂದಾಕಿ ನೋಡಿ, “ಯಾರ ಮನೀದ್ರಿ? ಉಳಿದ ಮೂರು ಕಾಲು ಎಲ್ಲಿ?” ಅಂದಳು.

“ಕಣ್ಣು ಕಾಣ್ತಾವೋ ಇಲ್ಲೋ ನಿನಗ? ತೋಪಿನ ಗೋಲಾ ಅದು.”

ಆಕಿ ಮೂಲ್ಯಾಗಿದ್ದ ನನ್ನ ಅಳತಿ ಕೋಲು ತಂದು ಗೋಲಾದ ಬಾಜೂಕ ನಿಂದರಿಸಿದಳು. ಒಂದು ಕೂದಲದಷ್ಟೂ ಫರಕ್ ಇಲ್ಲ. ಆ ಕೋಲು ನಾನೇ ಮಂಚದ ಕಾಲಿನ ಅಳತಿಗಿ ಕಡಿದಿಟ್ಟದ್ದು. ಇಪ್ಪತ್ತು ವರ್ಷ ಅದನ್ನೇ ಹಿಡಿದ ಕೈ, ಗೋಲಾಕ್ಕೂ ಅದನ್ನೇ ಹಿಡಿದಿತ್ತು.

“ಗೋಲಾನೇ ಬಿಡ್ರಿ,” ಅಂದಳು, “ಆದ್ರ ಮಂಚಕ್ಕ ಬರೋಬ್ಬರಿ ಕೂಡ್ತದ.”

ಸಿಟ್ಟಿಗಿ ರೊಟ್ಟಿ ಬ್ಯಾಡ ಅಂದೆ. ಆಕಿ ಖುಷಿಲೇ ಕಟಗೊಂಡು ಹೋದಳು.

ಗೋಲಾ ಅಂದವರು

ಗುರುವಾರ ಬಂದ್. ಬಸ್ ಇಲ್ಲ. ಗೋಲಾ ಟವಲಿನಾಗ ಸುತ್ತಿ, ನಾರಾಯಣಖೇಡಕ್ಕ ಮುಟ್ಟಿಸಾಕ ತಮ್ಮನ ಮೋಟಾರ್ ಸೈಕಲ್ ಹತ್ತಿದೆ. ಅರ್ಧ ಹಾದ್ಯಾಗ ಜನ ರಸ್ತಾದ ಮ್ಯಾಲೇ ಒಲಿ ಹೂಡಿ ಅಡಗಿ ಮಾಡಾಕ ಹತ್ತಿದ್ರು. ಚಳವಳಿಯಾಗ ಆಗ ಹಂಗೇ, ರಸ್ತಾ ತಡೆದು ಅಲ್ಲೇ ಉಂಡೇಳೋದು. ನನಗೂ ತೆಲಂಗಾಣ ಬೇಕಾಗಿತ್ತು, ಅದಕ್ಕ ಸಿಟ್ಟಿಲ್ಲ. ಸಿಟ್ಟು ಬಂದದ್ದು ಅಡಗಿ ಮಾಡೋ ಕಾಕಾನ ಮ್ಯಾಲೆ. ಕೇಳದೇ ಟವಲ್ ಬಿಚ್ಚಿ, “ಛಲೋ ಆತು, ಬ್ಯಾಳಿ ತಿರುವಾಕ ಏನೂ ಇರಲಿಲ್ಲ” ಅಂದು ಬ್ಯಾಳಿ ಹಂಡ್ಯಾಗ ಇಳಿಸಾಕ ಹೋದ.

“ಕಾಕಾ, ಕೈ ಬಿಡು. ತೋಪಿನ ಗೋಲಾ ಅದು,” ಅಂತ ಒದರಿದೆ.

ಕಾಕಾ ಕೈ ಬಿಟ್ಟ. ಒಲಿ ಬಿಟ್ಟ. ಊರೂ ಬಿಟ್ಟ. ಅವನ ಹಿಂದ ಎಲ್ಲರೂ ‘ಗೋಲಾ, ಗೋಲಾ’ ಅನಕೋತ ಹೊಲ ಬಿದ್ದು ಓಡಿದ್ರು. ಇಪ್ಪತ್ತು ವರ್ಷದಾಗ ಮೊದಲ ಸಲ ನನ್ನ ಕೆಲಸ ಏನಂತ ಜನ ಗುರುತು ಹಿಡಿದ್ರು, ಹಿಡಿದವರು ಒಬ್ಬರೂ ನಿಂದರಲಿಲ್ಲ.

ಠಾಣಾದಾಗ

ಓಡಿದವರು ಸುಮ್ಮನ ಓಡಲಿಲ್ಲ, ಪೊಲೀಸರಿಗಿ ಹೇಳ್ಯಾರ. ಪೊಲೀಸರು ಬಂದು ಗೋಲಾ ಉಸುಕಿನ ಬಕೀಟಿನಾಗ ಹುಗಿದು, ಬಕೀಟು ನನ್ನ ತೊಡಿಮ್ಯಾಲೆ ಇಟ್ಟು, ಜೀಪಿನಾಗ ಒಯ್ದ್ರು. ಕಟ್ಟಿಗೀದ್ರೀ ಅಂದ್ರ, “ಪರೀಕ್ಷಾ ಆಗಬೇಕು, ನಾಳಿ ಬಾ” ಅಂದ್ರು. ಶುಕ್ರವಾರ ಹೋದ್ರ ಮತ್ತ, “ನಾಳಿ ಬಾ.”

ಶನಿವಾರ ಹವಾಲ್ದಾರರನ್ನ ಕರಕೊಂಡು ಹೋದೆ. ಪಾಪ, ಅವರ ಮಾರಿ ಸಣ್ಣದಾಗಿತ್ತು. “ನಾಳಿ ಸಾಹೇಬರಿಗಿ ಏನು ತೋರಿಸಲಿ?” ಅಂತ ಹಾದಿ ತುಂಬ ಅದೇ ಮಾತು.

“ಸಪ್ಪಳ ಮಾಡಬ್ಯಾಡ್ರಿ, ಸಾಹೇಬರು ಮಲಗ್ಯಾರ,” ಅಂದ ಠಾಣಾದ ಜವಾನ. ಒಳಗ ಇಣುಕಿದೆ. ಠಾಣಾ ಸಾಹೇಬರ ಮಂಚದ ಒಂದು ಕಾಲು ಮುರಿದಿತ್ತು. ಆ ಕಾಲಿನ ತೂತಿನಾಗ ಚೂಪು ಮೂತಿ ಕೂಡಿಸಿ, ಹಿತ್ತಾಳಿ ಬುಡ ನೆಲಕ್ಕ ಊರಿ, ನಿಂತಿತ್ತು ನನ್ನ ಗೋಲಾ. ಮ್ಯಾಲೆ ಸಾಹೇಬರು ಗೊರಕಿ ಹೊಡ್ಯಾಕ ಹತ್ತಿದ್ರು.

“ಬಾಂಬ್ ಅಂತ ತಂದು ಅದರ ಮ್ಯಾಲೇ ಮಲಗಿಸೀರಲ್ರೀ,” ಅಂದೆ.

“ಪರೀಕ್ಷಾ ಆತು. ಏನೂ ಇಲ್ಲ ಅದರಾಗ.”

“ಹಂಗಾದ್ರ ಕೊಡ್ರಿ.”

“ಕೊಟ್ರ ಸಾಹೇಬರು ಬೀಳ್ತಾರಲ್ಲ. ಬದಲಿ ಕಾಲು ತಾ, ಇದನ್ನ ಒಯ್ಯಿ.”

ಅಂಗಡಿಗಿ ಹೋಗಿ ಹಲ್ಲು ಕಡಕೋತ ಒಂದು ಕಾಲು ಕೆತ್ತಿ ತಂದು, ಸಂಜೀಕ ಗೋಲಾ ಬಿಡಿಸಿಕೊಂಡೆ. ಸಹಿ ಮಾಡು ಅಂದ್ರು. ರಿಜಿಸ್ಟರಿನಾಗ ಬರೆದಿದ್ರು: ‘ವಾಪಸ್ ಕೊಟ್ಟದ್ದು, ಮಂಚದ ಕಾಲು ಒಂದು.’

ಐತವಾರ

ಹವಾಲ್ದಾರರು ನನ್ನನ್ನೂ ಊಟಕ್ಕ ಕರೆದ್ರು. ಹಳೇ ಸಾಹೇಬರು ಒಳಗ ಬಂದವರೇ ಶೋಕೇಸಿನ ಮುಂದ ನಿಂತುಬಿಟ್ರು. ಗೋಲಾ ಎರಡೂ ಕೈಲೆ ಎತ್ತಿ, “ಅರೆ, ಇದು ನಮ್ಮ ತೋಪಿನ ಗೋಲಾ,” ಅಂದ್ರು. ಹವಾಲ್ದಾರರ ಕಣ್ಣಾಗ ನೀರು. ನನ್ನ ವಾರದ ಸಿಟ್ಟೆಲ್ಲ ಇಳೀತು.

ಸಾಹೇಬರು ಗೋಲಾ ನೆಲದ ಮ್ಯಾಲೆ ನಿಂದರಿಸಿ, ಗೇಣು ಹಾಕಿ ಅಳೆದು, ನನ್ನ ಕಡಿ ಹೊಳ್ಳಿದ್ರು.

“ಎತ್ತರ ಬರೋಬ್ಬರಿ ಅದ. ನನಗ ಇಂಥವು ನಾಲ್ಕು ಮಾಡಿಕೊಡ್ರಿ, ಮಂಚಕ್ಕ ಹಾಕಿಸ್ತೀನಿ.”