ಮಡಹಾಗಲದ ಹೂಗಳ್ಳ

ಬೆಳಿಗ್ಗೆ ಏಳು ಗಂಟೆಗೆ ಗೋವಿಂದಯ್ಯ ಚಪ್ಪರದ ಕೆಳಗೆ ನಿಂತು ಮಡಹಾಗಲ ಬಳ್ಳಿಯನ್ನು ನೋಡಿದರು. ನಿನ್ನೆ ಸಂಜೆ ಇದ್ದ ಹದಿನಾಲ್ಕು ಮೊಗ್ಗಿನಲ್ಲಿ ಒಂದೂ ಹೂವಾಗಿ ಉಳಿದಿರಲಿಲ್ಲ. ಬರೀ ತೊಟ್ಟು.

“ಪುಷ್ಪಾ! ಇವತ್ತೂ ಕದ್ದಿದಾರೆ ಕಣೇ!”

ಆ ಕೂಗಿಗೆ ಜನ್ನಾಪುರದ ಆ ಬೀದಿಯ ನಾಯಿಗಳೆಲ್ಲ ಎದ್ದು ನಿಂತವು. ಗೋವಿಂದಯ್ಯ ಮೂವತ್ತು ವರ್ಷ ಕಾರ್ಖಾನೆಯ ಗೇಟಿನಲ್ಲಿ ಸೆಕ್ಯುರಿಟಿ ಕೆಲಸ ಮಾಡಿ, ಒಂದು ನಟ್ಟೂ ಹೊರಗೆ ಹೋಗದಂತೆ ಕಾದವರು. ಅಂಥವರ ಕಾಂಪೌಂಡಿನೊಳಗಿಂದಲೇ ಒಂದು ತಿಂಗಳಿಂದ ದಿನಾ ಹೂವು ಮಾಯವಾಗುತ್ತಿತ್ತು. ಬಳ್ಳಿ ತಾರಸಿಯವರೆಗೆ ಹಬ್ಬಿದ್ದರೂ ಒಂದು ಕಾಯಿ ಬಿಟ್ಟಿರಲಿಲ್ಲ. ಹೂವೇ ಉಳಿಯದ ಮೇಲೆ ಕಾಯಿ ಎಲ್ಲಿಂದ ಬರಬೇಕು?

“ಯಾರೋ ದೇವರಿಗೆ ಕಿತ್ಕೊಂಡಿರ್ತಾರೆ, ಬಿಡಿ,” ಎಂದು ಹೆಂಡತಿ ಪುಷ್ಪಮ್ಮ ಅಡುಗೆಮನೆಯಿಂದ ಹೊರಗೆ ಬರದೆಯೇ ಹೇಳಿದರು.

“ನನ್ನ ಬಳ್ಳಿ ಬೋಳಿಸೋ ದೇವರು ಯಾವ್ದೇ ಅದು?”

ಪಕ್ಕದ ಮನೆಯ ಮಂಜಪ್ಪ ಹಲ್ಲುಜ್ಜುತ್ತಲೇ ಗೋಡೆಯ ಮೇಲೆ ತಲೆ ಹಾಕಿದ. “ಕ್ಯಾಮೆರಾ ಹಾಕ್ಸಿ ಸಾರ್. ಆದ್ರೂ ನಂಗೇನೋ ನೀವು ತಂದು ನೆಟ್ಟ ಗಡ್ಡೆ ಮೇಲೇ ಡೌಟು. ಗೊಡ್ಡು ಗಡ್ಡೆ ಕೊಟ್ಟು ನಿಮಗೆ ಟೋಪಿ ಹಾಕಿದಾರೆ.”

ಎದುರು ಮನೆಯ ಬಂಗಾರಮ್ಮ ರಂಗೋಲಿ ಬಿಟ್ಟು ಬಂದರು. “ಗೋವಿಂದಯ್ಯೋರೇ, ಸಿಟ್ಟಾಗಬೇಡಿ. ಆ ಬಳ್ಳಿ ಇದೆಯಲ್ಲ, ಅದು...”

“ನೀವು ಸುಮ್ನಿರಮ್ಮ!”

ಗೋವಿಂದಯ್ಯನ ಮುಖ ಬೇಯಿಸಿದ ಬೀಟ್‌ರೂಟಿನಂತಾಗಿತ್ತು. ಕಳ್ಳ ಸಿಕ್ಕಿರಲಿಲ್ಲ, ಕೈಗೆ ಗುದ್ದಲಿ ಸಿಕ್ಕಿತು. “ಕಳ್ಳರಿಗೂ ಬೇಡ, ನನಗೂ ಬೇಡ!” ಎಂದು ಬುಡಕ್ಕೆ ಹೊಡೆದರು. “ಅಯ್ಯಯ್ಯೋ, ಬೇಡ ರೀ!” ಎನ್ನುತ್ತ ಪುಷ್ಪಮ್ಮ ಓಡಿಬರುವಷ್ಟರಲ್ಲಿ ಬಳ್ಳಿ ನೆಲಕ್ಕೆ ಬಿದ್ದಿತ್ತು. ಬಂಗಾರಮ್ಮ ಎದೆ ಹಿಡಿದುಕೊಂಡು ಕಟ್ಟೆಯ ಮೇಲೆ ಕುಳಿತೇಬಿಟ್ಟರು. ಪರರ ಬಳ್ಳಿಗೆ ಈಕೆಗೇಕೆ ಇಷ್ಟು ಸಂಕಟ ಎಂದು ಯೋಚಿಸುವ ತಾಳ್ಮೆ ಗೋವಿಂದಯ್ಯನಿಗಿರಲಿಲ್ಲ. ಅಗೆದ ಗಡ್ಡೆಯನ್ನು ಚೀಲಕ್ಕೆ ತುರುಕಿ ಶಿವಮೊಗ್ಗದ ಬಸ್ ಹತ್ತಿದರು.

ಗಡ್ಡೆ ಕೊಟ್ಟಿದ್ದ ಹಳೆಯ ಸಹೋದ್ಯೋಗಿ ಭೈರಪ್ಪನ ಮನೆ ದುರ್ಗಿಗುಡಿಯಲ್ಲಿ. ಬಾಗಿಲು ತೆರೆದದ್ದೇ ತಡ, ಗೋವಿಂದಯ್ಯ ಗಡ್ಡೆಯನ್ನು ಅವನ ಕಲ್ಲಿನ ಮೆಟ್ಟಿಲಿಗೆ ಅಪ್ಪಳಿಸಿದರು. ಅದು ನಾಲ್ಕು ಹೋಳಾಯಿತು.

“ತಗೋ ನಿನ್ನ ಗೊಡ್ಡು ಗಡ್ಡೆ!”

“ಗೊಡ್ಡಲ್ಲ ಮಾರಾಯ, ಅದು ಗಂಡು.”

“ಗಂಡಾ?”

“ಮಡಹಾಗಲದಲ್ಲಿ ಗಂಡು ಬಳ್ಳಿ ಬೇರೆ, ಹೆಣ್ಣು ಬಳ್ಳಿ ಬೇರೆ. ಗಂಡಿನ ಗಡ್ಡೆ ನೆಟ್ರೆ ಗಂಡೇ ಹುಟ್ಟುತ್ತೆ, ಹೆಣ್ಣಿನದು ನೆಟ್ರೆ ಹೆಣ್ಣು. ಕಾಯಿ ಬಿಡೋದು ಹೆಣ್ಣು ಮಾತ್ರ.”

“ಮತ್ತೆ ಗಂಡು ಯಾಕಯ್ಯ ಕೊಟ್ಟೆ ನನಗೆ?”

“ಎರಡೂ ಒಯ್ಯಿ ಅಂದೆ. ನೀನು ಹೂವು ಜಾಸ್ತಿ ಬಿಡೋ ಬಳ್ಳೀದೇ ಬೇಕು ಅಂತ ಜಗಳ ಆಡಿ ಅದೊಂದನ್ನೇ ಹೊತ್ಕೊಂಡ್ಹೋದೆ!”

ಅದು ನಿಜವಾಗಿತ್ತು. ಆದ್ದರಿಂದಲೇ ಗೋವಿಂದಯ್ಯನ ಸಿಟ್ಟು ಇನ್ನೂ ಏರಿತು. ಭೈರಪ್ಪ ತಾರಸಿಯಿಂದ ಒಂದು ಪ್ಲಾಸ್ಟಿಕ್ ಪ್ಯಾಕೆಟ್ ತಂದ. ಹೆಣ್ಣು ಬಳ್ಳಿಯ ತುಂಡನ್ನು ಅದರಲ್ಲಿ ನೆಟ್ಟು ಬೇರು ಬರಿಸಿದ್ದ. ಆಗಲೇ ಎರಡು ಮೊಗ್ಗಿದ್ದವು, ಬುಡದಲ್ಲಿ ಹೆಸರುಕಾಳಿನಷ್ಟು ಮುಳ್ಳುಮುಳ್ಳು ಪಿಂದೆ. ಅವನು ಇನ್ನೂ ಏನೋ ಹೇಳುತ್ತಿದ್ದ. ಗೋವಿಂದಯ್ಯ ಪ್ಯಾಕೆಟ್ ಕಸಿದುಕೊಂಡು ಬೀದಿಗಿಳಿದಾಗಿತ್ತು.

ಮಧ್ಯಾಹ್ನ ಮನೆ ಮುಟ್ಟಿದಾಗ ಪುಷ್ಪಮ್ಮ, ಬಂಗಾರಮ್ಮ ಇಬ್ಬರೂ ಬಾಗಿಲಲ್ಲೇ ಸೊಂಟಕ್ಕೆ ಕೈಯಿಟ್ಟು ನಿಂತಿದ್ದರು.

“ತಂದೆ ಕಣೇ, ಹೆಣ್ಣು ಬಳ್ಳಿ! ಇದರ ಹೂವು ಯಾವ ಕಳ್ಳ ಮುಟ್ತಾನೋ ನೋಡ್ತೀನಿ!”

“ಕಳ್ಳ ಅಲ್ಲ ರೀ, ನಾನೇ,” ಎಂದರು ಪುಷ್ಪಮ್ಮ. “ಬಂಗಾರಮ್ಮನ ಹಿತ್ತಿಲಲ್ಲಿ ಆರು ಹೆಣ್ಣು ಬಳ್ಳಿ ಇದೆ. ದಿನಾ ಬೆಳಿಗ್ಗೆ ನಮ್ಮ ಗಂಡು ಹೂವು ಕಿತ್ತು, ಅವರ ಒಂದೊಂದು ಹೆಣ್ಣು ಹೂವಿಗೂ ಮುಟ್ಟಿಸ್ತಿದ್ವಿ. ಮುಟ್ಟಿಸಿದ್ರೇ ಅಲ್ವಾ ಕಾಯಿ ಕಚ್ಚೋದು! ಬಂದದ್ದರಲ್ಲಿ ಅರ್ಧ ನಮಗೆ. ನೀವು ಚಪ್ಪರಿಸ್ಕೊಂಡು ತಿಂದ ಪಲ್ಯ ಸಂತೆಯದ್ದಲ್ಲ, ಅದೇ.”

“ನಂಗ್ಯಾಕೆ ಹೇಳ್ಲಿಲ್ಲ?”

“ಗಂಡು ಬಳ್ಳಿ ಅಂತ ಗೊತ್ತಾದ್ರೆ ಸಿಟ್ಟಲ್ಲಿ ಕಿತ್ತು ಹಾಕ್ತೀರ ಅಂತ!”

ಬಂಗಾರಮ್ಮ ಕೆಂಡವಾಗಿದ್ದರು. “ಇಡೀ ಜನ್ನಾಪುರಕ್ಕೆ ಇದ್ದದ್ದು ಅದೊಂದೇ ಗಂಡು! ನಾಳೆ ಇಪ್ಪತ್ತು ಹೂವು ಅರಳುತ್ತೆ ನನ್ನ ಬಳ್ಳೀಲಿ. ಎಲ್ಲ ಉದುರಿಹೋಗ್ಲಾ? ನೀವು ತಂದಿರೋ ಈ ಹೆಣ್ಣಿಗಾದ್ರೂ ಯಾರು ದಿಕ್ಕು?”

ಗೋವಿಂದಯ್ಯ ಹಲ್ಲು ಕಡಿಯುತ್ತ ಭೈರಪ್ಪನಿಗೆ ಫೋನ್ ಮಾಡಿದರು. ಗಂಡಿನ ಗಡ್ಡೆ ಸಿಗುವುದು ಇನ್ನು ಮುಂದಿನ ವರ್ಷವೇ. ತನ್ನ ಗಂಡು ಬಳ್ಳಿಯ ಹೂವು ಬೇಕಾದರೆ ಬೆಳಗಾಗುತ್ತಲೇ ಬಂದು ಒಯ್ಯಬೇಕು, ಬಾಡುವ ಮೊದಲೇ ಮುಟ್ಟಿಸಬೇಕು, ದಿನಾ ಬರಬೇಕು ಎಂದ ಅವನು.

ಮರುದಿನ ಮೊದಲ ಬಸ್ಸಿನಲ್ಲಿ ಗೋವಿಂದಯ್ಯ ಖಾಲಿ ಟಿಫಿನ್ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಬುಸುಗುಡುತ್ತ ಕುಳಿತಿದ್ದರು.

“ಇಷ್ಟು ಬೆಳಿಗ್ಗೆ ಶಿವಮೊಗ್ಗಕ್ಕೆ ಯಾಕೆ ಯಜಮಾನ್ರೇ?” ಎಂದ ಕಂಡಕ್ಟರ್.

“ಗಂಡು ತರೋಕೆ!”

ಕಂಡಕ್ಟರನ ಮುಖ ಅರಳಿತು. “ಒಳ್ಳೇದಾಗ್ಲಿ. ಮಗಳು ಏನ್ ಓದಿದಾಳೆ?”