ಕಾರಿನ ಪ್ರದಕ್ಷಿಣೆ ಮತ್ತು ಬಲಗಡೆಯ ಆಕ್ಸಲ್

ನಾನು ಕಾಪುವಿನ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುವವಳು. ಘರ್ಷಣೆ, ಚಲನೆ, ಬಲ ಇತ್ಯಾದಿಗಳ ವಿಷಯದಲ್ಲಿ ನನಗೆ ಯಾರೂ ಏನೂ ಹೇಳಿಕೊಡಬೇಕಾಗಿಲ್ಲ ಎಂಬುದು ನನ್ನ ಬಹುಕಾಲದ ನಂಬಿಕೆಯಾಗಿತ್ತು. ಆದ್ದರಿಂದ ನನ್ನ ಹಳೆಯ ಬಿಳಿ ಕಾರು ಒಂದು ಬೆಳಿಗ್ಗೆ ಶಾಲೆಯ ಗೇಟಿನೊಳಗೆ ತಿರುಗುವಾಗ 'ಕಟ ಕಟ ಕಟ' ಎಂದು ಸದ್ದು ಮಾಡಿದಾಗ ನನಗೆ ಹೆದರಿಕೆಯಾಗಲಿಲ್ಲ, ಸಂತೋಷವಾಯಿತು. ಇಷ್ಟು ವರ್ಷ ಪಾಠ ಮಾಡಿದ್ದು ಕೊನೆಗೂ ಉಪಯೋಗಕ್ಕೆ ಬರುವ ಕಾಲ ಬಂತು!

ನೇರ ದಾರಿಯಲ್ಲಿ ಸದ್ದಿಲ್ಲ. ಸ್ಟಿಯರಿಂಗ್ ಪೂರ್ತಿ ತಿರುಗಿಸಿ ಆಕ್ಸಿಲರೇಟರ್ ಒತ್ತಿದಾಗ ಮಾತ್ರ ಕಟ ಕಟ. ಸೀರೆಯ ಸೆರಗು ಸಿಕ್ಕಿಸಿಕೊಂಡು ಬಗ್ಗಿ ನೋಡಿದೆ. ಮುಂದಿನ ಎಡಚಕ್ರದ ಒಳಬದಿಗೆ ಕಪ್ಪು ಗ್ರೀಸ್ ಚಿಮ್ಮಿ ಅಂಟಿಕೊಂಡಿತ್ತು. ಅಷ್ಟು ಸಾಕಾಯಿತು ನನಗೆ. ಇಂಜಿನ್ನಿನ ಬಲವನ್ನು ಚಕ್ರಕ್ಕೆ ಮುಟ್ಟಿಸುವುದು ಆಕ್ಸಲ್. ಅದರ ತುದಿಯಲ್ಲೊಂದು ಜಾಯಿಂಟ್. ಚಕ್ರ ಯಾವ ಕಡೆಗೆ ತಿರುಗಿದರೂ ಬಲ ತಪ್ಪದಂತೆ ನೋಡಿಕೊಳ್ಳುವುದು ಅದರ ಕೆಲಸ. ಅದಕ್ಕೆ ಹೊದಿಸಿದ ರಬ್ಬರ್ ಬೂಟು ಹರಿದರೆ ಗ್ರೀಸ್ ಹೊರಗೆ, ಮರಳು ಒಳಗೆ. ಶನಿವಾರ ಎರ್ಮಾಳಿಗೆ ಮೀನಿಗೆಂದು ಹೋಗಿ ಕಡಲ ಬದಿಯ ಮರಳಿನಲ್ಲೇ ಕಾರು ನಿಲ್ಲಿಸುವ ನನ್ನ ಅಭ್ಯಾಸವೂ ಈ ಕಾರ್ಯದಲ್ಲಿ ಯಥಾಶಕ್ತಿ ಸಹಕರಿಸಿತ್ತು.

ರಾತ್ರಿ ಊಟದ ಹೊತ್ತಿಗೆ ಮನೆಯವರಿಗೆ ವಿಷಯ ತಿಳಿಸಿದೆ. ನಮ್ಮ ಯಜಮಾನರಿಗೆ ಡ್ರೈವಿಂಗ್ ಬರುವುದಿಲ್ಲ. ಹಾಗಾಗಿ ಕಾರಿನ ಬಗ್ಗೆ ಅಭಿಪ್ರಾಯಗಳು ಧಾರಾಳವಾಗಿವೆ.

"ಎಂತ ಸದ್ದು ಅದು?" ಎಂದರು.

"ಜಾಯಿಂಟ್ ಸವೆದಿದೆ."

"ನನ್ನ ಮೊಣಕಾಲೂ ಹಾಗೆಯೇ ಸದ್ದು ಮಾಡುತ್ತದೆ" ಎಂದರು ಅತ್ತೆ.

"ನಿನ್ನನ್ನು ಮಾರಲಿಕ್ಕೆ ಆಗುವುದಿಲ್ಲ ಅಮ್ಮ. ಕಾರನ್ನು ಮಾರಬಹುದು" ಎಂದರು ಇವರು.

ಆ ಮಾತು ನನಗೆ ಚುಚ್ಚಿತು. ನಲವತ್ತು ದಾಟಿದ ಮೇಲೆ ಡ್ರೈವಿಂಗ್ ಕಲಿತವಳು ನಾನು. ಅದಕ್ಕೆ ಮೊದಲು ದಿನವೂ ಕಟಪಾಡಿ ದಾರಿಯ ಬಸ್ಸಿನ ಫುಟ್‌ಬೋರ್ಡಿನಲ್ಲಿ ಒಂದು ಕಾಲು, ಗಾಳಿಯಲ್ಲಿ ಇನ್ನೊಂದು ಕಾಲು ಇಟ್ಟುಕೊಂಡು ಶಾಲೆಗೆ ಹೋದವಳು. ಈ ಕಾರು ನನ್ನ ಸ್ವಂತ ಸಂಬಳದ್ದು. ಅದರ ಬೀಗದ ಕೈ ಕೈಯಲ್ಲಿದ್ದರೆ ಯಾರ ಹಂಗೂ ಇಲ್ಲ ಎನಿಸುತ್ತದೆ. ಅದನ್ನು ಮಾರುವ ಮಾತು ಕೇಳಿದರೆ ನನಗೆ ಅನ್ನ ಇಳಿಯುವುದಿಲ್ಲ.

ವಾದ ಬೆಳೆದು ಕೊನೆಗೆ ಒಂದು ಒಪ್ಪಂದಕ್ಕೆ ಬಂದು ನಿಂತಿತು. ಮುಂದಿನ ವಾರ ನನ್ನ ನಾದಿನಿ ಸುಜಾತಳ ಹೊಸ ಮನೆಯ ಒಕ್ಕಲು, ಅಂದರೆ ಗೃಹಪ್ರವೇಶ, ಕಾರ್ಕಳದಲ್ಲಿ. ನಾನೇ ರಿಪೇರಿ ಮಾಡಿಸಿ, ಇದೇ ಕಾರಿನಲ್ಲಿ ಎಲ್ಲರನ್ನೂ ಕರೆದುಕೊಂಡು ಹೋಗಬೇಕು. ದಾರಿಯಲ್ಲಿ ಎಲ್ಲೂ ನಿಲ್ಲದೆ ಮನೆ ಮುಟ್ಟಿದರೆ ಕಾರು ಉಳಿಯುತ್ತದೆ. ನಿಂತರೆ ಮಾರುವುದು. ಅತ್ತೆ ಸಾಕ್ಷಿ.

ಜಾಯಿಂಟನ್ನು ಪರೀಕ್ಷಿಸುವ ಕ್ರಮ ಸುಲಭ. ಬಯಲು ಜಾಗಕ್ಕೆ ಹೋಗಿ, ಸ್ಟಿಯರಿಂಗನ್ನು ಪೂರ್ತಿ ಬಲಕ್ಕೆ ತಿರುಗಿಸಿ ಸುತ್ತು ಬರಬೇಕು. ಅನಂತರ ಪೂರ್ತಿ ಎಡಕ್ಕೆ ತಿರುಗಿಸಿ ಸುತ್ತು ಬರಬೇಕು. ಬಲಕ್ಕೆ ಸದ್ದಾದರೆ ಎಡಚಕ್ರದ ಜಾಯಿಂಟ್ ಹೋಗಿದೆ ಎಂದರ್ಥ, ಎಡಕ್ಕೆ ಸದ್ದಾದರೆ ಬಲಚಕ್ರದ್ದು. ತಿರುವಿನಲ್ಲಿ ಭಾರವೆಲ್ಲ ಹೊರಗಿನ ಚಕ್ರದ ಮೇಲೆ ಬೀಳುತ್ತದಲ್ಲ, ಅದಕ್ಕೆ. ಅಂಬಲಪಾಡಿಯ ನಮ್ಮ ಮನೆಯ ಹತ್ತಿರ ಒಂದು ಬಯಲು ಉಂಟು. ಅದರ ನಟ್ಟನಡುವೆ ಒಂದು ಅಶ್ವತ್ಥಕಟ್ಟೆ. ಸುತ್ತು ಬರಲು ಇದಕ್ಕಿಂತ ಪ್ರಶಸ್ತವಾದ ಜಾಗ ಬೇರೆ ಎಲ್ಲಿದೆ?

ಭಾನುವಾರ ಬೆಳಿಗ್ಗೆ ಕಿಟಕಿ ಇಳಿಸಿ, ಕಿವಿ ಹೊರಗೆ ಚಾಚಿ, ಕಟ್ಟೆಗೆ ಬಲಸುತ್ತು ಬರಲು ಶುರುಮಾಡಿದೆ. ಕಟ ಕಟ ಕಟ. ಸ್ಪಷ್ಟವಾಗಿತ್ತು. ಖಚಿತಪಡಿಸಿಕೊಳ್ಳಲು ಇನ್ನೊಂದು ಸುತ್ತು, ಮತ್ತೂ ಒಂದು. ಅಷ್ಟರಲ್ಲಿ ನಮ್ಮ ಕೇರಿಯ ಪುರೋಹಿತರಾದ ಭಟ್ಟರು ಹೂವಿನ ಬುಟ್ಟಿ ಹಿಡಿದು ಅಲ್ಲಿಗೆ ಬಂದರು.

"ಎಂತ ಟೀಚರ್, ಹರಕೆಯಾ?"

ವಿವರಿಸಿ ಹೇಳಿದರೆ ಒಂದು ಪೀರಿಯಡ್ ಬೇಕು. "ಹೌದು, ಹಾಗೇ ಒಂದು" ಎಂದುಬಿಟ್ಟೆ.

ಭಟ್ಟರ ಮುಖ ಅರಳಿತು. ವಿಜ್ಞಾನದ ಟೀಚರಿಗೂ ಇಷ್ಟು ಭಕ್ತಿ ಉಂಟಲ್ಲ ಎಂದು ಅವರಿಗೆ ತುಂಬಾ ಸಂತೋಷವಾಯಿತಂತೆ. ಹಾಲು ತರಲು ಹೊರಟಿದ್ದ ನಾಲ್ಕಾರು ಜನರೂ ಕೈಮುಗಿದು ನಿಂತರು. ನಾನು ಕಾರು ನಿಲ್ಲಿಸಿ, ಸ್ಟಿಯರಿಂಗನ್ನು ಎಡಕ್ಕೆ ತಿರುಗಿಸಿ, ಪರೀಕ್ಷೆಯ ಎರಡನೆಯ ಭಾಗಕ್ಕೆ ಹೊರಟೆ. ಭಟ್ಟರು ಬುಟ್ಟಿ ಕೆಳಗಿಟ್ಟು ಕಾರಿಗೇ ಅಡ್ಡ ಬಂದರು.

"ಅಯ್ಯಯ್ಯೋ, ಅಪ್ರದಕ್ಷಿಣೆ ಬರಬಾರದು ಟೀಚರ್. ಬಂದ ಪುಣ್ಯವೆಲ್ಲ ಹೋಗುತ್ತದೆ."

ಹರಕೆ ಎಂದು ಹೇಳಿಯಾಗಿತ್ತು, ಇನ್ನು ಜಾಯಿಂಟ್ ಎನ್ನುವ ಹಾಗಿಲ್ಲ. ಪ್ರಸಾದ ತೆಗೆದುಕೊಂಡು ಮನೆಗೆ ಬಂದೆ. ಬೇರೆ ಬಯಲಿಗೆ ಹೋಗಿ ಎಡಸುತ್ತು ಬರಬಹುದಿತ್ತು. ಹೋಗಲಿಲ್ಲ. ಬಲಕ್ಕೆ ಸದ್ದು ಸಿಕ್ಕಿತಲ್ಲ, ಎಡಚಕ್ರಕ್ಕೆ ಗ್ರೀಸ್ ಅಂಟಿದ್ದನ್ನೂ ಕಂಡೆನಲ್ಲ, ಇನ್ನೆಂತ ಬೇಕು ಎಂಬ ಧೈರ್ಯ.

ಕಟಪಾಡಿಯ ಮೆಕ್ಯಾನಿಕ್ ಸುಂದರಣ್ಣನ ಗ್ಯಾರೇಜಿನಲ್ಲಿ ನಾನು ಹೊರಚಕ್ರದ ಮೇಲೆ ಬೀಳುವ ಭಾರದ ಬಗ್ಗೆ ಒಂದು ಸಣ್ಣ ಪಾಠವನ್ನೇ ಮಾಡಿದೆ. ಸುಂದರಣ್ಣ ಬಾಯಲ್ಲಿ ಎಲೆ ಅಡಿಕೆ ಇದ್ದುದರಿಂದ ತಡೆಯದೆ ಕೇಳಿದರು. ಉಗುಳಿ ಬಂದು, "ಎರಡೂ ಬದಿ ಮಾಡಿಬಿಡುವಾ ಟೀಚರ್" ಎಂದರು.

ಸುಂದರಣ್ಣ ಎಲ್ಲದಕ್ಕೂ ಎರಡೂ ಬದಿ ಎನ್ನುವವರು. ಒಂದು ಕನ್ನಡಿ ಒಡೆದರೂ ಎರಡೂ ಬದಿ. ಒಂದು ಬಲ್ಬ್ ಹೋದರೂ ಎರಡೂ ಬದಿ. ಈ ವಿದ್ಯೆ ನನ್ನ ಹತ್ತಿರ ನಡೆಯುವುದಿಲ್ಲ ಎಂದುಕೊಂಡೆ.

"ಎಡದ್ದು ಮಾತ್ರ ಸಾಕು."

"ಎಡಕ್ಕೆ ತಿರುಗಿಸಿ ನೋಡಿದ್ದೀರಲ್ವಾ?"

"ನೋಡಿದ್ದೇನೆ" ಎಂದೆ, ತರಗತಿಯಲ್ಲಿ ಮಾತಾಡುವ ಗತ್ತಿನಲ್ಲೇ. ಅಪ್ರದಕ್ಷಿಣೆಯ ಕಥೆಯನ್ನು ಗ್ಯಾರೇಜಿನಲ್ಲಿ ಹೇಳುವುದು ಹೇಗೆ? ಸುಂದರಣ್ಣ ಹೆಗಲು ಕುಣಿಸಿ ಎಡಗಡೆಯ ಜಾಯಿಂಟ್ ಬದಲಿಸಿದರು, ಹೊಸ ಬೂಟು ಹಾಕಿ ಗ್ರೀಸ್ ತುಂಬಿದರು. ವಾಪಸು ಬರುವಾಗ ಬಲ ತಿರುವುಗಳಲ್ಲಿ ಕಾರು ಬೆಣ್ಣೆಯಂತೆ ಜಾರಿತು. ನಾನು ಬೇಕೆಂದೇ ಇನ್ನೆರಡು ಬಲ ತಿರುವು ಹೆಚ್ಚು ಹಾಕಿಕೊಂಡು ಮನೆಗೆ ಬಂದೆ.

ಒಕ್ಕಲಿನ ದಿನ ಬೆಳಿಗ್ಗೆ ಅತ್ತೆ ಕಾರಿನ ಬಾನೆಟ್ಟಿಗೆ ಸೇವಂತಿಗೆ ಮಾಲೆ ಹಾಕಿದರು. ಪೂಜೆ ಮಾಡಿಸುವವರು ನಮ್ಮ ಭಟ್ಟರೇ. ಅವರನ್ನೂ ಕರೆತರಬೇಕೆಂದು ಸುಜಾತ ಹೇಳಿದ್ದಳು. ಭಟ್ಟರು ಮುಂದಿನ ಸೀಟಿನಲ್ಲಿ, ಇವರೂ ಅತ್ತೆಯೂ ಹಿಂದೆ. ಹರಕೆಯ ಕಾರಿನಲ್ಲಿ ಹೋಗುವುದು ತಮ್ಮ ಭಾಗ್ಯವೆಂದು ಭಟ್ಟರು ಹೇಳಿದಾಗ ಇವರು ಕನ್ನಡಿಯಲ್ಲಿ ನನ್ನನ್ನು ನೋಡಿದರು. ನಾನು ರಸ್ತೆಯನ್ನು ನೋಡಿದೆ.

ಮಣಿಪಾಲದ ಏರನ್ನು ಕಾರು ಗಂಭೀರವಾಗಿ ಹತ್ತಿತು. ಪರ್ಕಳ ದಾಟಿ ಒಂದು ಕಡೆ ಎಡಕ್ಕೆ ಚುರುಕಾಗಿ ತಿರುಗಿಸಿದೆ. 'ಕಟ್' ಎಂದಿತು. ಒಂದೇ ಒಂದು ಸಲ.

"ಎಂತ ಅದು?" ಎಂದರು ಇವರು.

"ಡಿಕ್ಕಿಯಲ್ಲಿ ತೆಂಗಿನಕಾಯಿ ಉರುಳಿರಬೇಕು."

"ಕಾಯಿ ನನ್ನ ಮಡಿಲಲ್ಲಿ ಉಂಟಲ್ಲ" ಎಂದರು ಅತ್ತೆ.

ಮುಂದಿನ ದಾರಿಯನ್ನೆಲ್ಲ ನಾನು ಎಡ ತಿರುವು ಬಂದಾಗಲೆಲ್ಲ ಗಟ್ಟಿಯಾಗಿ ಮಾತಾಡುತ್ತ ಕಳೆದೆ. ಭಟ್ಟರಿಗೆ ಮುಹೂರ್ತದ ವಿಷಯ ಕೇಳಿದೆ. ಅತ್ತೆಯ ಮೊಣಕಾಲಿನ ವಿಷಯ ಕೇಳಿದೆ. ಹಿರಿಯಡ್ಕದಿಂದ ಮುಂದೆ ಕೇಳಲು ಏನೂ ಉಳಿಯದೆ ಬಲವಂತವಾಗಿ ಕೆಮ್ಮಿದೆ. ಹೀಗೆ ಎಲ್ಲೂ ನಿಲ್ಲದೆ ಕಾರ್ಕಳ ಮುಟ್ಟಿದೆವು. ಸುಜಾತಳ ಮನೆಯ ಚಪ್ಪರ ಕಾಣಿಸಿತು. ಗೆದ್ದೆ ಎಂದುಕೊಂಡೆ.

ಆ ಮನೆಗೆ ಹೋಗುವುದಕ್ಕೆ ಒಂದೇ ಕಾರು ಹಿಡಿಯುವ ಓಣಿ. ಎರಡೂ ಬದಿಗೆ ಕೆಂಪುಕಲ್ಲಿನ ಗೋಡೆ. ಅದರೊಳಗೆ ನುಗ್ಗಬೇಕಾದರೆ ಪೂರ್ತಿ ಎಡಕ್ಕೆ ತಿರುಗಿಸಿ ಏರು ಹತ್ತಬೇಕು. ತಿರುಗಿಸಿದೆ. ಆಕ್ಸಿಲರೇಟರ್ ಒತ್ತಿದೆ. ಕಟ, ಕಟ, ಕಟ, ಆಮೇಲೆ ಡಮಾರ್! ಇಂಜಿನ್ ಬೊಬ್ಬೆ ಹೊಡೆಯುತ್ತಿತ್ತು, ಕಾರು ಮಾತ್ರ ಮುಂದೆ ಹೋಗುತ್ತಿರಲಿಲ್ಲ. ಬಲಗಡೆಯ ಜಾಯಿಂಟ್ ನಾನು ನಡೆಸದೆ ಬಿಟ್ಟ ಪರೀಕ್ಷೆಯನ್ನು ತಾನೇ ಬರೆದು ಮುಗಿಸಿತ್ತು.

ಹ್ಯಾಂಡ್‌ಬ್ರೇಕ್ ಎಳೆದು ಕೂತೆ. ನನ್ನ ಕಾರು ಹೋಯಿತು ಎಂದು ನಿಜವಾಗಿಯೂ ಅಳು ಬಂತು.

ಸುಜಾತ ರೇಷ್ಮೆ ಸೀರೆಯಲ್ಲಿ ಓಡಿಬಂದಳು. "ಅತ್ತಿಗೆ, ಇಲ್ಲಿ ಯಾಕೆ ನಿಲ್ಲಿಸಿದಿರಿ? ದನ ಬರಬೇಕು. ದನ ಎಲ್ಲಿ?"

"ನನ್ನ ಹಿಂದೆ" ಎಂದೆ.

ಹೌದು. ಹೊಸ ಮನೆಗೆ ಮೊದಲು ಕಾಲಿಡಬೇಕಾದ ದನ, ಕರುವಿನ ಸಮೇತ, ಕೊರಳಿಗೆ ಮಾಲೆ ಹಾಕಿಕೊಂಡು ನನ್ನ ಡಿಕ್ಕಿಯನ್ನು ಮೂಸುತ್ತ ನಿಂತಿತ್ತು. ಗೋಡೆಯ ಬದಿಯಿಂದ ಮನುಷ್ಯರು ಹೊಟ್ಟೆ ಒಳಗೆಳೆದುಕೊಂಡು ದಾಟಬಹುದು. ದನಕ್ಕೆ ಆ ವಿದ್ಯೆ ಬರುವುದಿಲ್ಲ. ಕಾರನ್ನು ಹಿಂದಕ್ಕೆ ಬಿಡುವಂತಿಲ್ಲ, ಕರು ಅಲ್ಲೇ ಮಲಗಿಬಿಟ್ಟಿತ್ತು. ಮುಹೂರ್ತ ಮೀರುತ್ತಿತ್ತು.

ಭಟ್ಟರು ಕಾರಿನಿಂದಿಳಿದು ಗಡಿಯಾರ ನೋಡಿದರು, ದನವನ್ನು ನೋಡಿದರು, ಬಾನೆಟ್ಟಿನ ಮಾಲೆಯನ್ನು ನೋಡಿದರು. ಆಮೇಲೆ ಘನವಾದ ಧ್ವನಿಯಲ್ಲಿ ಹೇಳಿದರು. "ವಾಹನವೂ ಲಕ್ಷ್ಮಿಯೇ. ಇದು ಅಶ್ವತ್ಥಕಟ್ಟೆಗೆ ಪ್ರದಕ್ಷಿಣೆ ಬಂದ ಕಾರು, ನಾನೇ ಕಣ್ಣಾರೆ ಕಂಡಿದ್ದೇನೆ. ಮೊದಲು ಇದು ಹೋಗಲಿ. ತಳ್ಳಿ."

ಜರಿ ಪಂಚೆಯವರು, ಅಡುಗೆಯವರು, ವಾಲಗದವರು ಎಲ್ಲ ಸೇರಿ ತಳ್ಳಿದರು. ನಮ್ಮ ಯಜಮಾನರೂ ತಳ್ಳಿದರು. ನಾನು ನ್ಯೂಟ್ರಲ್‌ನಲ್ಲಿಟ್ಟು ಸ್ಟಿಯರಿಂಗ್ ಹಿಡಿದು ಕೂತೆ. ಹೀಗೆ ಸಕಲ ವಾದ್ಯಗಳೊಂದಿಗೆ ನನ್ನ ಕಾರು ಮೊದಲು ಗೇಟು ದಾಟಿತು. ಅದರ ಹಿಂದೆ ದನ, ದನದ ಹಿಂದೆ ಸುಜಾತಳೂ ಅವಳ ಗಂಡನೂ. ಭಟ್ಟರು ಬಾನೆಟ್ಟಿಗೆ ಕುಂಕುಮವನ್ನೂ ಇಟ್ಟರು.

ಊಟದ ಪಂಕ್ತಿಯಲ್ಲಿ ಇವರು ಮೆಲ್ಲಗೆ ಒಪ್ಪಂದದ ವಿಷಯ ತೆಗೆದರು. "ಕಾರು ನಿಂತದ್ದು ಹೌದಲ್ವಾ?"

"ಮನೆ ಮುಟ್ಟಿದ್ದೂ ಹೌದು" ಎಂದೆ.

"ಮುಟ್ಟಿಸಿದ್ದು ನಾವು. ನನ್ನ ಸೊಂಟ ಈಗಲೂ ಹೇಳುತ್ತಾ ಉಂಟು."

ತೀರ್ಪು ಕೊಡಬೇಕಾದ ಅತ್ತೆ ಪಾಯಸ ಮುಗಿಸಿ ಹೇಳಿದರು. "ಲಕ್ಷ್ಮಿ ಎಂದು ಒಳಗೆ ಕರೆದಾಯಿತು. ಇನ್ನು ಮಾರುವುದು ಹೇಗೆ ಮಾರಾಯ?"

ಕಾರು ಉಳಿಯಿತು. ನನ್ನ ವಿಜ್ಞಾನದಿಂದ ಅಲ್ಲ, ದನಕ್ಕಿಂತ ಮೊದಲು ಹೋದದ್ದರಿಂದ. ಆಮೇಲೆ ಸುಂದರಣ್ಣ ಬಲಗಡೆಯದನ್ನೂ ಮಾಡಿಕೊಟ್ಟರು. "ಎಡಕ್ಕೆ ತಿರುಗಿಸಿ ನೋಡಿದ್ದೀರಲ್ವಾ?" ಎಂದು ಅವರು ಮತ್ತೆ ಕೇಳಿದಾಗ ನಾನು ಗೋಡೆಯಲ್ಲಿದ್ದ ಕ್ಯಾಲೆಂಡರನ್ನು ಬಹಳ ಆಸಕ್ತಿಯಿಂದ ಓದುತ್ತಿದ್ದೆ.

ಕಥೆ ಇಲ್ಲಿಗೆ ಮುಗಿಯಬೇಕಿತ್ತು. ಆದರೆ ಒಕ್ಕಲಾದ ಸ್ವಲ್ಪ ದಿನಕ್ಕೆ ಸುಜಾತಳ ಹೊಸ ಬಾವಿಯಲ್ಲಿ ಸಿಹಿನೀರು ಬಂತು, ಅವಳ ಗಂಡನಿಗೆ ಕಾರ್ಕಳಕ್ಕೇ ವರ್ಗವೂ ಆಯಿತು. ಎಲ್ಲ ಮೊದಲು ಒಳಗೆ ಬಂದ ಕಾರಿನ ಕಾಲ್ಗುಣ ಎಂದು ಸುದ್ದಿಯಾಯಿತು. ಮೊನ್ನೆ ಅವಳ ನೆರೆಮನೆಯವರು ನನಗೆ ಫೋನ್ ಮಾಡಿದರು. ಅವರದ್ದೂ ಒಕ್ಕಲಂತೆ. ಕಾರು ಬೇಕಂತೆ. ತಳ್ಳಲು ಜನ ಅವರಲ್ಲೇ ಉಂಟಂತೆ.

ತಳ್ಳುವ ಅಗತ್ಯ ಇಲ್ಲ, ಎರಡೂ ಜಾಯಿಂಟ್ ಹೊಸದು, ಈಗ ಯಾವ ಏರನ್ನಾದರೂ ತಾನೇ ಹತ್ತುತ್ತದೆ ಎಂದು ನಾನು ಹೆಮ್ಮೆಯಿಂದ ವಿವರಿಸಿದೆ.

"ಅಯ್ಯೋ, ರಿಪೇರಿ ಮಾಡಿಸಿಬಿಟ್ರಾ ಟೀಚರ್?"

ಬರುವ ವಾರ ಹೋಗುತ್ತಿದ್ದೇನೆ. ಓಣಿಯ ಬಾಯಲ್ಲಿ ಇಂಜಿನ್ ಆಫ್ ಮಾಡಿ, ನ್ಯೂಟ್ರಲ್‌ಗೆ ಹಾಕಿ, ಸ್ಟಿಯರಿಂಗ್ ಹಿಡಿದು ಸುಮ್ಮನೆ ಕೂತಿರಬೇಕಂತೆ. ಅಷ್ಟು ಡ್ರೈವಿಂಗ್ ನನಗೆ ಚೆನ್ನಾಗಿ ಬರುತ್ತದೆ ಎಂದು ನಮ್ಮ ಯಜಮಾನರೂ ಒಪ್ಪಿಕೊಂಡಿದ್ದಾರೆ.