ಅಳಿಯಂದಿರ ಕಾರು ನೆಟ್ಟಗಾದದ್ದು

ಆ ಭಾನುವಾರದ ರಂಪಕ್ಕೆಲ್ಲ ಕಾರಣ ನಿಂಬೆಹಣ್ಣಿಗಿಂತ ಚಿಕ್ಕದಾದ ಒಂದು ಕಬ್ಬಿಣದ ಗುಂಡು. ಸ್ಟೀರಿಂಗಿನಿಂದ ಬಂದ ಸರಳನ್ನು ಮುಂದಿನ ಚಕ್ರಕ್ಕೆ ಜೋಡಿಸುವ ಕೀಲೊಂದಿದೆ, ಟೈ ರಾಡ್ ಎಂಡ್ ಅನ್ನುತ್ತಾರೆ. ಗುಂಡು ಇರುವುದು ಅದರೊಳಗೆ. ಅದು ಸವೆದರೆ ಚಕ್ರ ಹೇಳಿದ ಮಾತು ಕೇಳುವುದಿಲ್ಲ. ಲೈಬ್ರರಿ ಗುಮಾಸ್ತರ ಹಳೆ ಕಾರಿನಲ್ಲಿ ಅದು ಎರಡೂ ಕಡೆ ಸವೆದಿತ್ತು. ಸ್ಟೀರಿಂಗನ್ನು ಬಲಕ್ಕೆ ತಿರುಗಿಸಿದರೆ ಕಾರು ಒಂದು ಗಳಿಗೆ ಯೋಚಿಸಿ, ಆಮೇಲೆ ತನಗೆ ಸರಿ ಕಂಡಷ್ಟು ಮಾತ್ರ ತಿರುಗುತ್ತಿತ್ತು.

ಶನಿವಾರ ಸಂಜೆ ಅದು ಹೀಗೇ ಯೋಚಿಸುತ್ತ ಯೋಚಿಸುತ್ತ ಔಷಧಿ ಅಂಗಡಿಯ ಬೋರ್ಡಿಗೆ ಮುತ್ತಿಟ್ಟಿತು. ಪಕ್ಕದಲ್ಲಿ ಹೆಂಡತಿ ಕೂತಿದ್ದರು. ಬೆಳಿಗ್ಗೆ ಎದ್ದವರೇ ಹೇಳಿದರು:

"ರೀ, ನಾಲ್ಕು ಗಂಟೆಗೆ ಗುಜರಿಯವನು ಬರ್ತಾನೆ. ಅಷ್ಟರೊಳಗೆ ಈ ಬೀದಿ ಆ ತುದೀವರೆಗೆ ಗಾಡಿ ನೆಟ್ಟಗೆ ಓಡಿದ್ರೆ ಉಳೀತು. ಇಲ್ಲಾಂದ್ರೆ ಕೊಟ್ಬಿಡೋದೇ."

"ಓಡಿದ್ರೆ ಉಳಿಯುತ್ತೆ ತಾನೆ? ಆಮೇಲೆ ಮಾತು ಬದಲಾಯಿಸಬಾರದು."

"ನಾನು ಯಾವತ್ತಾದ್ರೂ ಬದಲಾಯಿಸಿದೀನಾ?"

ಬದಲಾಯಿಸಿರಲಿಲ್ಲ. ಅದೇ ಗುಮಾಸ್ತರ ಭಯ. ಆ ಕಾರು ಅವರಿಗೆ ಬರೀ ಗಾಡಿಯಲ್ಲ. ಲೈಬ್ರರಿಯಲ್ಲಿ ದಿನವಿಡೀ ಪಿಸುಮಾತು. ಮನೆಯಲ್ಲಿ ಅತ್ತೆಯವರ ಹೊಲಿಗೆ ಯಂತ್ರದ ಮುಂದೆ ಗುಮಾಸ್ತರ ದನಿ ಏಳುತ್ತಿರಲಿಲ್ಲ. ಕೆಲಸಕ್ಕೆ ಹೋಗುವಾಗ ಇಪ್ಪತ್ತು ನಿಮಿಷ, ಬರುವಾಗ ಇಪ್ಪತ್ತು ನಿಮಿಷ, ಗಾಜು ಏರಿಸಿಕೊಂಡು ಗಂಟಲು ಬಿಚ್ಚಿ ಹಾಡುತ್ತಿದ್ದರು. ಕಾರು ಹೋದರೆ ಆ ಹಾಡನ್ನು ಎಲ್ಲಿಡುವುದು?

ಹೊಸ ಕೀಲುಗಳನ್ನು ತಂದಿಟ್ಟು ತಿಂಗಳಾಗಿತ್ತು. ರಿಪೇರಿ ಪುಸ್ತಕವನ್ನು ಮೂರು ಸಲ ಓದಿಯೂ ಆಗಿತ್ತು. ಧೈರ್ಯವೊಂದು ಬಾಕಿ ಇತ್ತು, ಅದನ್ನು ಗುಜರಿಯವನು ಕೊಟ್ಟ.

ಮನೆಯ ಮುಂದೆ ಜಾಕ್ ಕೊಟ್ಟು ಕಾರನ್ನು ಎತ್ತಿದರು. ಜಾಕನ್ನು ನಂಬದೆ ಕೆಳಗೆ ದಪ್ಪ ಮರದ ತುಂಡುಗಳನ್ನೂ ಇಟ್ಟರು. ಎಡಗಡೆಯ ಕೀಲನ್ನು ಬೀದಿ ಇನ್ನೂ ಆಕಳಿಸುತ್ತಿದ್ದಾಗಲೇ ಬದಲಿಸಿಬಿಟ್ಟರು. ಹಳೆಯದನ್ನು ಬಿಚ್ಚುವಾಗ ಎಷ್ಟು ಸುತ್ತು ತಿರುಗಿತೋ ಹೊಸದನ್ನು ಅಷ್ಟೇ ಸುತ್ತು ತಿರುಗಿಸಬೇಕು. ಹೆಚ್ಚಾದರೂ ಕಡಿಮೆಯಾದರೂ ಚಕ್ರ ಸೊಟ್ಟಗೆ ನಿಲ್ಲುತ್ತದೆ. ಎಣಿಸಿ ಬಿಚ್ಚಿದರು, ಎಣಿಸಿ ಕೂರಿಸಿದರು. ಹಸುಗೂಸಿಗೆ ಅಂಗಿ ತೊಡಿಸುವ ತಾಯಿಯ ನಿಧಾನ ಆ ಕೈಗಳಲ್ಲಿತ್ತು.

ಬಲಗಡೆಗೆ ಬರುವಷ್ಟರಲ್ಲಿ ಬೀದಿ ಎಚ್ಚರವಾಗಿತ್ತು. ಅಲ್ಲಿನ ಕೀಲು ತುಕ್ಕು ಹಿಡಿದು ಸುತ್ತಿಗೆಗೂ ಜಗ್ಗದೆ ಕೂತಿತ್ತು. ಮೊದಲು ಬಂದವರು ಡ್ರೈವರ್ ಮಾಮ. ಮೂವತ್ತು ವರ್ಷ ಬಸ್ ಓಡಿಸಿ ನಿವೃತ್ತರಾದವರು; ಒಂದು ನಟ್ಟನ್ನೂ ಬಿಚ್ಚಿದವರಲ್ಲ.

"ಏನಪ್ಪಾ, ಬರ್ತಿಲ್ವಾ? ತಲೆ ಮೇಲೆ ಒಂದು ಬಿಡು!"

"ತಲೆ ಮೇಲೆ ಹೊಡೆದ್ರೆ ತಿರುಪಿನ ಮರೆ ಹಾಳಾಗುತ್ತೆ ಮಾಮ. ಪಕ್ಕದ ಕಬ್ಬಿಣಕ್ಕೆ ಹೊಡೀಬೇಕು."

"ಪುಸ್ತಕದ ಮಾತು ಕಬ್ಬಿಣಕ್ಕೆ ಗೊತ್ತಾಗುತ್ತಾ?"

ಗೊತ್ತಾಯಿತು. ನಲವತ್ತು ಏಟು ಸುಮ್ಮನೆ ತಿಂದ ಕೀಲು ನಲವತ್ತೊಂದನೆಯದಕ್ಕೆ 'ಟಕ್' ಎಂದು ಕಳಚಿಕೊಂಡಿತು.

ಗುಮಾಸ್ತರು ಕೀಲನ್ನು ತಿರುಗಿಸತೊಡಗಿದರು. "ಒಂದು... ಎರಡು... ಮೂರು..." ದನಿ ಕಾರಿನಡಿಯಲ್ಲಿ ಸಣ್ಣಗಾಯಿತು. ಅಷ್ಟರಲ್ಲಿ ಎದುರುಮನೆಯ ಲೆಕ್ಕದ ಮೇಷ್ಟ್ರು ಬಂದು ಬಗ್ಗಿದರು.

"ಲೈಬ್ರರಿಯವರೇ, ನಿಮ್ಮನೆ ನಂಬರ್ ನಲವತ್ತೆರಡೋ ನಲವತ್ಮೂರೋ? ನನ್ನ ಕಾಗದ ಏನಾದ್ರೂ ಇಲ್ಲಿಗೆ ಬಂತಾ ಅಂತ."

"ನಲವತ್ಮೂರು ಮೇಷ್ಟ್ರೇ. ಬಂದಿಲ್ಲ," ಎಂದ ಗುಮಾಸ್ತರು, "ನಲವತ್ನಾಲ್ಕು, ನಲವತ್ತೈದು" ಎಂದು ತಿರುಗಿಸುತ್ತಲೇ ಹೋದರು. ನಲವತ್ತೊಂಬತ್ತಕ್ಕೆ ಕೀಲು ಕೈಗೆ ಬಂತು. ಅದರ ಹಿಂದೆಯೇ ಬುದ್ಧಿಯೂ ಬಂತು.

"ಅಯ್ಯೋ! ಮನೆ ನಂಬರಿಗೆ ಮುಂಚೆ ಎಷ್ಟರಲ್ಲಿದ್ದೆ?"

"ಹನ್ನೊಂದು," ಎಂದರು ಮಾಮ.

"ಹದಿನಾರು. ನನ್ನ ಕಿವಿಯಾರೆ ಕೇಳಿದೀನಿ," ಎಂದರು ಮೇಷ್ಟ್ರು.

"ಬರೋವಾಗ್ಲೇ ಲೆಕ್ಕ ಕೆಡಿಸಿದ್ದು ನೀವು!" ಎಂದು ಮಾಮ ರೇಗಿದರು.

"ಕೆಟ್ಟ ಲೆಕ್ಕ ಸರಿ ಮಾಡೋದೇ ನನ್ನ ಕೆಲಸ. ಹನ್ನೊಂದು, ಹದಿನಾರು, ಸರಾಸರಿ ಹದಿಮೂರೂವರೆ. ಆಮೇಲಿನ ಆರು ಸೇರಿಸಿ. ಹತ್ತೊಂಬತ್ತೂವರೆ. ಹಾಕಿ ಲೈಬ್ರರಿಯವರೇ, ಯೋಚನೆ ಬೇಡ."

ಬೇರೆ ದಾರಿಯಿರಲಿಲ್ಲ. ಹತ್ತೊಂಬತ್ತೂವರೆ ಸುತ್ತು ಹಾಕಿ, ನಟ್ ಬಿಗಿದು, ಜಾಕ್ ಇಳಿಸುವಷ್ಟರಲ್ಲಿ ಎರಡು ಗಂಟೆ. ಗುಮಾಸ್ತರು ಸ್ಟೀರಿಂಗನ್ನು ನೆಟ್ಟಗೆ ಹಿಡಿದು ಕಾರನ್ನು ಮೆಲ್ಲಗೆ ಬಿಟ್ಟರು. ಎರಡು ಚಕ್ರಗಳೂ ಮುನಿಸಿಕೊಂಡ ಓರಗಿತ್ತಿಯರಂತೆ ಒಂದೊಂದು ಕಡೆ ಎಳೆದವು. ಕಾರು ಬೀದಿ ಬಿಟ್ಟು, ಬಟ್ಟೆ ಒಣಹಾಕಿದ್ದ ಹಗ್ಗಕ್ಕೆ ನುಗ್ಗಿ, ಆರು ಬಿಳಿ ನಿಲುವಂಗಿಗಳನ್ನು ತಲೆಯ ಮೇಲೆ ಹೊದ್ದುಕೊಂಡು ನಿಂತಿತು.

ಹೊಲಿಗೆ ಯಂತ್ರದ ಸದ್ದು ನಿಂತಿತು. ಅವು ಆಸ್ಪತ್ರೆಯ ದಾದಿಯರಿಗೆಂದು ಅತ್ತೆಯವರು ಹೊಲಿದಿದ್ದ ನಿಲುವಂಗಿಗಳು. ಅವನ್ನು ಮೂಟೆ ಕಟ್ಟಿ, ಎರಡು ಬಸ್ ಬದಲಿಸಿ, ಅತ್ತೆಯವರೇ ಮುಟ್ಟಿಸಬೇಕು.

ಅತ್ತೆಯವರು ಬಂದರು. ಒಂದೊಂದೇ ಅಂಗಿಯನ್ನು ಕೊಡವಿ ಹೆಗಲಿಗೆ ಹಾಕಿಕೊಂಡರು. ಬೈಗುಳಕ್ಕೆ ಎಲ್ಲರೂ ಕಾಯುತ್ತಿದ್ದಾಗ ಅವರು ಬಗ್ಗಿ ಚಕ್ರಗಳನ್ನು ನೋಡಿದರು.

"ಅಳಿಯಂದ್ರೇ, ಪ್ಯಾಂಟಿನ ಎರಡು ಕಾಲು ಸಮ ಇದೆಯಾ ಅಂತ ನೋಡೋಕೆ ಹೊಲಿಗೆ ಎಣಿಸ್ತೀರಾ, ಟೇಪ್ ಹಿಡೀತೀರಾ?"

"ಟೇಪ್ ಅತ್ತೆ."

"ಮತ್ತೆ ಈ ಲೆಕ್ಕ ಯಾತಕ್ಕೆ? ತಗೊಂಡ್ಬನ್ನಿ ಟೇಪು."

ಆಮೇಲೆ ನಡೆದದ್ದನ್ನು ನೋಡಬೇಕಿತ್ತು. ಅತ್ತೆಯವರು ಬಟ್ಟೆಯ ಪಟ್ಟಿಯಿಂದ ಸ್ಟೀರಿಂಗನ್ನು ನೆಟ್ಟಗೆ ಬಿಗಿದು ಕಟ್ಟಿದರು. ದರ್ಜಿಯ ಸೀಮೆಸುಣ್ಣದಿಂದ ಎರಡೂ ಟೈರುಗಳ ನಡುಮಧ್ಯೆ ಗೆರೆ ಎಳೆದರು. ಗುಮಾಸ್ತರು ನೆಲಕ್ಕೆ ಹೊಟ್ಟೆ ಹಚ್ಚಿ ಟೇಪಿನ ಒಂದು ತುದಿ ಹಿಡಿದರು, ಅತ್ತೆಯವರು ಇನ್ನೊಂದು. ಗೆರೆಯಿಂದ ಗೆರೆಗೆ ಚಕ್ರದ ಮುಂದುಗಡೆ ಎಷ್ಟು, ಹಿಂದುಗಡೆ ಎಷ್ಟು? ಮುಂದೆ ಎರಡು ಬೆರಳು ಕಡಿಮೆ.

"ತಿರುಗಿಸಿ. ಸಾಕು. ತಳ್ಳಿ!"

ತಳ್ಳುವ ಕೆಲಸ ಮಾಮನಿಗೂ ಮೇಷ್ಟ್ರಿಗೂ ಬಿತ್ತು. ಸರಳನ್ನು ಅರ್ಧ ಸುತ್ತು ತಿರುಗಿಸುವುದು, ಗಾಡಿಯನ್ನು ಎರಡು ಮಾರು ತಳ್ಳುವುದು, ಮತ್ತೆ ಅಳೆಯುವುದು. ಹನ್ನೊಂದು ಸಲ ಹೀಗಾಯಿತು. ಗುಮಾಸ್ತರ ಮೊಣಕೈ ತರಚಿಹೋಗಿತ್ತು, ಮೂಗಿನ ಮೇಲೆ ಗ್ರೀಸು, ಕೂದಲಲ್ಲಿ ಮಣ್ಣು. ಒಂದು ಸಲವಾದರೂ 'ಸಾಕು, ಆಗಲ್ಲ' ಅನ್ನಲಿಲ್ಲ. ಕೊನೆಯ ಸಲ ಮುಂದೆಯೂ ಹಿಂದೆಯೂ ಒಂದೇ ಅಳತೆ, ನೂಲಿನಷ್ಟೂ ಹೆಚ್ಚುಕಡಿಮೆಯಿಲ್ಲ.

ನಾಲ್ಕಕ್ಕೆ ಸರಿಯಾಗಿ ಗುಜರಿಯವನ ಲಾರಿ ಬಂತು. ಹೆಂಡತಿ ಕಾರಿನಲ್ಲಿ ಕೂತು ಬಾಗಿಲ ಹಿಡಿಯನ್ನು ಭದ್ರವಾಗಿ ಹಿಡಿದುಕೊಂಡರು. ಗುಮಾಸ್ತರು ಹೊರಟರು. ಬೀದಿಯ ನಡುವೆ ಸ್ಟೀರಿಂಗಿನಿಂದ ಎರಡೂ ಕೈ ಎತ್ತಿಬಿಟ್ಟರು! ಕಾರು ಇಸ್ತ್ರಿ ಪೆಟ್ಟಿಗೆ ಬಟ್ಟೆಯ ಮೇಲೆ ಜಾರಿದಂತೆ ಸೀದಾ ತುದಿಗೆ ಹೋಯಿತು. ವಾಪಸು ಬರುವಾಗ ಹೆಂಡತಿಯ ಕೈ ಹಿಡಿಯನ್ನು ಬಿಟ್ಟು ಮಡಿಲಲ್ಲಿತ್ತು.

"ಭೇಷ್ ಕಣ್ರೀ," ಎಂದರು. ಮದುವೆಯಾಗಿ ಒಂಬತ್ತು ವರ್ಷಕ್ಕೆ ಗುಮಾಸ್ತರು ಆ ಮಾತು ಕೇಳಿದ್ದು ಅದೇ ಮೊದಲು.

ಗುಜರಿಯವನು ಖಾಲಿ ಲಾರಿ ತಿರುಗಿಸಿಕೊಂಡು ಹೋದ. ಮಾಮ ಬೆನ್ನು ತಟ್ಟಿದರು. ಮೇಷ್ಟ್ರು, "ನನ್ನ ಸರಾಸರೀನೂ ತೀರಾ ದೂರ ಇರಲಿಲ್ಲ" ಎಂದರು.

"ಸ್ವಲ್ಪ ಇಳೀರಿ ಅಳಿಯಂದ್ರೇ," ಎಂದರು ಅತ್ತೆಯವರು. "ನಮ್ಮ ಅಳತೆ ಹೇಗೆ ಕೂತಿದೆ ಅಂತ ನೋಡ್ತೀನಿ."

ಗುಮಾಸ್ತರು ಖುಷಿಯಿಂದ ಇಳಿದರು. ಅತ್ತೆಯವರು ಸೀಟನ್ನು ಮುಂದಕ್ಕೆಳೆದರು, ಕನ್ನಡಿ ತಿರುಗಿಸಿದರು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದರು. ಮರುಗಳಿಗೆ ಕಾರು ಅಲ್ಲಿರಲಿಲ್ಲ. ಬೀದಿ ಕೊನೆಯಲ್ಲಿ ಒಂದೇ ಏಟಿಗೆ ತಿರುಗಿತು, ಬಂತು, ಗುಮಾಸ್ತರು ಎಂದೂ ಮೂರು ಸಲಕ್ಕೆ ಕಡಿಮೆ ಒದ್ದಾಡದ ಗೇಟಿನೊಳಗೆ ಹಿಂದಿನಿಂದ ಹೋಗಿ ಗೋಡೆಗೆ ಒಂದು ಗೇಣು ಬಿಟ್ಟು ನಿಂತಿತು. ಡ್ರೈವರ್ ಮಾಮ ತಲೆಯ ಮೇಲಿನ ಟೋಪಿ ತೆಗೆದರು.

"ಅತ್ತೆ! ನಿಮಗೆ... ಕಾರು..."

"ಆಸ್ಪತ್ರೆ ಬಟ್ಟೆ ವ್ಯಾನು ಏಳು ವರ್ಷ ಓಡಿಸಿದೀನಿ. ಇವಳು ಹುಟ್ಟೋಕೆ ಮುಂಚಿನ ಮಾತು. ಲೈಸೆನ್ಸು ಈಗ್ಲೂ ಇದೆ."

"ಮತ್ತೆ ಇಷ್ಟು ದಿನ ಯಾಕೆ ಹೇಳ್ಲಿಲ್ಲ?"

"ಅಡ್ಡಾದಿಡ್ಡಿ ಹೋಗೋ ಗಾಡಿ ಯಾರಿಗೆ ಬೇಕಿತ್ತು? ಈಗ ನೆಟ್ಟಗಾಯ್ತು. ನಾಳೆಯಿಂದ ಮೂಟೆ ಇದರಲ್ಲೇ."

ಗುಮಾಸ್ತರು ಹೆಂಡತಿಯ ಕಡೆ ತಿರುಗಿದರು. "ಉಳಿಯುತ್ತೆ ಅಂತ ನೀನು ಮಾತು ಕೊಟ್ಟಿದ್ದೆ!"

"ಉಳೀತಲ್ರೀ. ಯಾರ ಕೈಲಿ ಅಂತ ನೀವು ಕೇಳ್ಲಿಲ್ಲ, ನಾನು ಹೇಳ್ಲಿಲ್ಲ."

"ಬೇಜಾರು ಮಾಡ್ಕೋಬೇಡಿ," ಎಂದು ಅತ್ತೆಯವರು ಕೀಲಿಕೈಯನ್ನು ಮುಷ್ಟಿಯಲ್ಲಿ ಹಿಡಿದು ಇಳಿದರು. "ಬೆಳಿಗ್ಗೆ ಆರಕ್ಕೆ ಹೊರಡ್ತೀನಿ. ಮೂಟೆ ಪಕ್ಕ ಜಾಗ ಮಾಡ್ಕೊಂಡು ಕೂತ್ರೆ ಲೈಬ್ರರಿ ಹತ್ರ ಇಳಿಸ್ತೀನಿ."

"ಆರಕ್ಕಾ? ಲೈಬ್ರರಿ ಬಾಗಿಲು ತೆಗೆಯೋದು ಹತ್ತಕ್ಕೆ ಅತ್ತೆ!"

"ಒಳ್ಳೇದಾಯ್ತು. ಮೆಟ್ಟಿಲ ಮೇಲೆ ಕೂತು ಬ್ರೇಕಿನ ಅಧ್ಯಾಯ ಓದ್ಕೊಳ್ಳಿ. ತುಳಿದ್ರೆ ತಡವಾಗಿ ಹಿಡಿಯುತ್ತೆ. ಮುಂದಿನ ಭಾನುವಾರ ಅದನ್ನ ಬಿಚ್ಚೋಣ."